ಅಂಕಣದ ಮನೆ, ಹುಲ್ಲಿನ ಗೋಡೆ

ನಮ್ಮ ಕಡೆ ಮನೆ ಎಷ್ಟು ದೊಡ್ಡದು ಅಂತ ಕೇಳಿದರೆ ಮೊದಲೆಲ್ಲ ಯಾರೂ ಚದರ ಅಡಿ ಲೆಕ್ಕ ಹೇಳ್ತಿರಲಿಲ್ಲ. "ಐದು ಅಂಕಣದ ಮನಿ", "ಒಂಬತ್ತು ಅಂಕಣದ ಮನಿ" ಅಂತಿದ್ದರು. ಎರಡು ಕಂಬಗಳ ನಡುವಿನ ಜಾಗ ಅಂದ್ರೆ ಒಂದು ಅಂಕಣ. ಪತ್ರಿಕೆಯ ಅಂಕಣಕ್ಕೂ ಅದೇ ಪದ. ಹಾಗಾಗಿ ಅಂಕಣ ಬರೆಯೋನು ಒಮ್ಮೆಯಾದರೂ ಅಂಕಣದ ಮನೆಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯೋ ಹಾಗೆ ಮಾಡಿದ್ದು ಒಂದು ಎಮ್ಮೆ.

ಕಳೆದ ಬೇಸಿಗೆಯಲ್ಲಿ ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದಕ್ಕೆ, ಸೋದರತ್ತೆಯ ಮನೆಗೆ ಹೋಗಿದ್ದೆ. ಹೊಸ ಮನೆ, ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ತಗಡು. "ಹನ್ನೊಂದ ಹೊಡೀತಂದ್ರ ಒಳಗ ಕುಂದ್ರಲಾಕ ಆಗಲ್ಲ ತಮ್ಮಾ, ಬೇವಿನ ಗಿಡದ ಬುಡಕ್ಕ ಹೋಗ್ತೀವಿ" ಅಂದಳು ಅತ್ತೆ. ಪಕ್ಕದಲ್ಲೇ ಹಳೇ ಮನೆ ಅರ್ಧ ನಿಂತಿತ್ತು. ಎರಡಡಿಗಿಂತ ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ತಂಪು. ಅಲ್ಲಿ ಎಮ್ಮೆ ಕಟ್ಟಿದ್ದರು. "ನೋಡು, ಎಮ್ಮಿ ತಂಪಾಗಿ ಅದ, ನಾವು ಬೇಯ್ಲಾಕತ್ತೀವಿ" ಅಂತ ಅತ್ತೆ ನಕ್ಕಳು. ಹಂಗಾದ್ರೆ ನೀವೂ ಅಲ್ಲೇ ಇರಬಾರದಾ ಅಂದೆ. ನಗು ನಿಂತಿತು. "ಕಿಲ್ಲಾರಿ ಮರ್ತಿ ಏನು?" ಅಂದಳು.

ಆ ಒಂದು ಮಾತಿನಲ್ಲಿ ನಮ್ಮ ಸೀಮೆಯ ಮನೆಗಳ ಅರ್ಧ ಇತಿಹಾಸ ಇದೆ.

ಹನ್ನೊಂದನೇ ಶತಮಾನದಲ್ಲಿ ಮೊದಲನೇ ಸೋಮೇಶ್ವರ ಮಾನ್ಯಖೇಟ ಬಿಟ್ಟು ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. ಆ ಕಾಲದ ಚಾಲುಕ್ಯರ ಕೆಲಸ ಈಗಲೂ ನೋಡಬಹುದು. ಬಸವಕಲ್ಯಾಣದ ಹತ್ತಿರ ನಾರಾಯಣಪುರದ ಶಿವಾಲಯ ಇದೆ. ಹುಮನಾಬಾದ್ ಕಡೆ ಜಲಸಂಗಿಯ ಗುಡಿಯಲ್ಲಿ ಶಾಸನ ಬರೆಯುತ್ತಾ ನಿಂತ ಮದನಿಕೆ ಇದ್ದಾಳೆ. ಆದರೆ ಅದೇ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಬಂದು ನೆಲೆಸಿದ ಶರಣರ ಮನೆ ಹೇಗಿತ್ತು? ಚಮ್ಮಾರ, ಅಂಬಿಗ, ನೇಕಾರ, ಮಡಿವಾಳ, ಇವರಲ್ಲಿ ಯಾರ ಮನೆಯೂ ಇವತ್ತು ನಿಂತಿಲ್ಲ. ಮಣ್ಣಿನ ಮನೆ ಮಣ್ಣಾಯ್ತು, ಹುಲ್ಲಿನದು ಗೊಬ್ಬರವಾಯ್ತು. ಸಾಮಾನ್ಯರ ಮನೆಯ ಇತಿಹಾಸ ಶಾಸನದಲ್ಲಿ ಸಿಗೋದಿಲ್ಲ, ರೂಢಿಯಲ್ಲಿ ಹುಡುಕಬೇಕು.

ಆ ರೂಢಿ ಎರಡು ಥರದ್ದು. ಉಳ್ಳವರದು ಮಾಳಿಗೆ ಮನೆ. ಬಸವಕಲ್ಯಾಣದ ಕಡೆ ಕರಿಕಲ್ಲು, ಹುಮನಾಬಾದ್ ಕಡೆ ಕೆಂಪು ಜಂಬಿಟ್ಟಿಗೆ, ನಡುವೆ ಕೆಸರೇ ಗಾರೆ. ಮೇಲೆ ಮರದ ತೊಲೆ, ಹಲಗೆ, ಅದರ ಮೇಲೆ ಗೇಣುದ್ದಕ್ಕೂ ಹೆಚ್ಚು ಮಣ್ಣು. ಇಲ್ಲದವರದು ಗುಡಿಸಲು. ತೊಗರಿ ಕಟ್ಟಿಗೆ ಹೆಣೆದು ಅದಕ್ಕೆ ಸಗಣಿ-ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲು. ಎರಡರಲ್ಲೂ ಮಣ್ಣು ಕಲಸುವಾಗ ಹೊಟ್ಟು, ಹುಲ್ಲು ಹಾಕಿ ತುಳಿಯೋದು ಇದ್ದೇ ಇತ್ತು. ಹುಲ್ಲಿನ ಎಳೆ ಮಣ್ಣನ್ನು ಹಿಡಿದುಕೊಳ್ಳುತ್ತೆ, ಒಣಗುವಾಗ ಬಿರುಕು ಕಡಿಮೆ ಆಗುತ್ತೆ. ಅಂದ್ರೆ ಹುಲ್ಲು ನಮ್ಮ ಗೋಡೆಗೆ ಹೊಸದಲ್ಲ.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಬಂದು ಜನ ಗಾಢ ನಿದ್ದೆಯಲ್ಲಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಹುಮನಾಬಾದಿನಿಂದ ಸಸ್ತಾಪುರ ಬಂಗ್ಲಾ ದಾಟಿ ಉಮರ್ಗಾಕ್ಕೆ ಹೋಗೋ ಹೆದ್ದಾರಿ ಇದೆಯಲ್ಲ, ಅದರಾಚೆ ಬಹಳ ದೂರವೇನಲ್ಲ ಕಿಲ್ಲಾರಿ. ತೀವ್ರತೆ 6.2ರ ಆಸುಪಾಸು. ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ ಭೂಕಂಪ. ಆದರೂ ಸುಮಾರು 8,000 ಜನ ಸತ್ತರು ಅನ್ನುತ್ತೆ ಸರ್ಕಾರಿ ಲೆಕ್ಕ. ನಮ್ಮ ಕಡೆಯೂ ಜನ ವಾರಗಟ್ಟಲೆ ಅಂಗಳದಲ್ಲೇ ಮಲಗಿದರು.

ಕೊಂದದ್ದು ಮನೆ. ನಮ್ಮಂಥದೇ ಮಾಳಿಗೆ ಮನೆ. ದಪ್ಪ ಗೋಡೆಯ ಒಳಮೈ, ಹೊರಮೈ ಕಲ್ಲುಗಳನ್ನು ಜೋಡಿಸೋ ಉದ್ದನೆಯ ಅಡ್ಡಗಲ್ಲು ಇರಲಿಲ್ಲ, ನಡುವೆ ಬರೀ ಚೂರುಕಲ್ಲು, ಮಣ್ಣು. ಅಲುಗಿದಾಗ ಗೋಡೆ ಎರಡಾಗಿ ಸೀಳಿ ಬಿತ್ತು. ಮಾಳಿಗೆಯ ಅಷ್ಟೂ ಮಣ್ಣು ಮಲಗಿದ್ದವರ ಮೇಲೆ ಕುಸಿಯಿತು. ಅದೇ ಊರುಗಳಲ್ಲಿ ಬಡವರ ಹುಲ್ಲಿನ ಗುಡಿಸಲುಗಳು ಹೆಚ್ಚುಕಡಿಮೆ ನಿಂತೇ ಇದ್ದವು. ಬಿದ್ದರೂ ಸಾಯಿಸುವಷ್ಟು ಭಾರ ಅವುಗಳಲ್ಲಿ ಇರಲಿಲ್ಲ.

ಈ ಪಾಠ ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಮಹಾರಾಷ್ಟ್ರದಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ನಮ್ಮ ಕಡೆ ಸರ್ಕಾರ ಕಟ್ಟಿಕೊಡಲಿಲ್ಲ, ಭಯವೇ ಕಟ್ಟಿಸಿತು. ದುಡ್ಡಿದ್ದವರು ಆರ್‌ಸಿಸಿ ಹಾಕಿದರು, ಇಲ್ಲದವರು ತಗಡು ಹೊದಿಸಿದರು. ಭಾರದ ಮೇಲಿನ ಸಿಟ್ಟಿಗೆ ದಪ್ಪವನ್ನೂ ಬಿಟ್ಟೆವು. ಮೇಲಾಗಿ ಸರ್ಕಾರಿ ಲೆಕ್ಕದಲ್ಲಿ ಮಣ್ಣು-ಹುಲ್ಲಿನ ಗೋಡೆ ಅಂದ್ರೆ 'ಕಚ್ಚಾ ಮನೆ'. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ, ಅದೂ 'ಪಕ್ಕಾ' ಮನೆಗೆ. ಅಷ್ಟರಲ್ಲಿ ತೆಳು ಗೋಡೆಯೇ ಗತಿ.

ದಪ್ಪ ಇರಬೇಕು, ಭಾರ ಇರಬಾರದು. ಇಂಥ ಗೋಡೆ ಇದೆಯಾ? ಇದೆ. ಅದು ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕದಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಮರಳು ಗುಡ್ಡಗಳಿಗೆ ಬಂದ ರೈತರಿಗೆ ಮರವೂ ಇರಲಿಲ್ಲ, ಗೋಡೆಗೆ ಆಗೋ ಮಣ್ಣೂ ಇರಲಿಲ್ಲ. ಇದ್ದದ್ದು ಹುಲ್ಲು, ಜೊತೆಗೆ ಆಗ ತಾನೇ ಬಂದಿದ್ದ ಹುಲ್ಲು ಒತ್ತಿ ಪೆಂಡಿ ಕಟ್ಟೋ ಯಂತ್ರ. ಸದ್ಯಕ್ಕಿರಲಿ ಅಂತ ಪೆಂಡಿಗಳನ್ನೇ ಇಟ್ಟಿಗೆಯ ಹಾಗೆ ಪೇರಿಸಿ ಗೋಡೆ ಮಾಡಿದರು. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪು. ಸದ್ಯಕ್ಕೆ ಅಂತ ಕಟ್ಟಿದ್ದು ಕಾಯಂ ಆಯ್ತು. ಆರ್ಥರ್ ಅನ್ನೋ ಊರಲ್ಲಿ 1928ರಲ್ಲಿ ಹೀಗೆ ಕಟ್ಟಿದ ಚರ್ಚು ಇನ್ನೂ ಇದೆ. ಫ್ರಾನ್ಸಿನ ಮೊಂತಾರ್ಜಿಯಲ್ಲಿ 1920ರ ಹುಲ್ಲಿನ ಮನೆಯೊಂದು ನೂರು ವರ್ಷ ದಾಟಿ ನಿಂತಿದೆ.

ಕಲ್ಲಿನ ಗೋಡೆ ಬಿಸಿಲನ್ನು ತಡಮಾಡುತ್ತೆ. ಮಧ್ಯಾಹ್ನದ ಕಾವು ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರುತ್ತೆ. ಹುಲ್ಲಿನ ಗೋಡೆ ಕಾವನ್ನು ತಡೆಯುತ್ತೆ. ಒತ್ತಿದ ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿ ಕಾವನ್ನು ಸುಲಭಕ್ಕೆ ದಾಟಿಸೋದಿಲ್ಲ. ಒಂದೂವರೆ ಅಡಿ ದಪ್ಪ ಇದ್ದರೂ ಕಲ್ಲಿಗೆ ಹೋಲಿಸಿದರೆ ಹಗುರ. 2005ರ ಕಾಶ್ಮೀರ ಭೂಕಂಪದ ನಂತರ ಪಾಕಿಸ್ತಾನದ ಕಡೆ ಇಂಥ ಮನೆ ಕಟ್ಟಿದರು. ಅದೇ ಮಾದರಿಯ ಪೂರ್ತಿ ಮನೆಯೊಂದನ್ನು 2009ರಲ್ಲಿ ಅಮೆರಿಕದ ನೆವಾಡ ವಿಶ್ವವಿದ್ಯಾಲಯದಲ್ಲಿ ಅಲುಗಾಡೋ ವೇದಿಕೆ ಮೇಲೆ ಇಟ್ಟು ಜೋರಾಗಿ ನಡುಗಿಸಿದರು. ಗಾಯವಾಯ್ತು, ಬೀಳಲಿಲ್ಲ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವಳ ಮೊದಲ ಪ್ರಶ್ನೆ: "ಕಣಕಿ ಗ್ವಾಡಿಗಿ ಹಾಕಿದ್ರ ದನಕ್ಕೇನ್ ಹಾಕ್ತಿ?" ಸರಿಯಾದ ಪ್ರಶ್ನೆ. ನೆಬ್ರಾಸ್ಕದ ಮೊದಮೊದಲ ಹುಲ್ಲಿನ ಶಾಲೆಯೊಂದನ್ನು ದನಗಳೇ ತಿಂದು ಹಾಕಿದವು ಅಂತ ಅಲ್ಲಿಯವರೂ ಕಥೆ ಹೇಳ್ತಾರೆ. ನಮ್ಮಲ್ಲಿ ಜೋಳದ ಕಣಕಿ ದನದ ಪಾಲು, ಅದನ್ನು ಮುಟ್ಟೋ ಹಾಗಿಲ್ಲ. ಆದರೆ ಕಬ್ಬಿನ ರವದಿಗೆ ಹೊಲದಲ್ಲೇ ಬೆಂಕಿ ಇಡ್ತೀವಿ. ಸೋಯಾ ಹೊಟ್ಟೂ ಎಲ್ಲವೂ ಬಳಕೆಗೆ ಬರೋದಿಲ್ಲ. ಇವುಗಳ ಪೆಂಡಿ ಗೋಡೆಗೆ ಎಷ್ಟು ತಾಳುತ್ತೆ ಅಂತ ಒಂದು ಕೋಣೆ ಕಟ್ಟಿಯಾದರೂ ನೋಡಬೇಕು.

ಸುಲಭ ಅಂತ ನಾನು ಹೇಳೋದಿಲ್ಲ. ಹುಲ್ಲಿನ ವೈರಿ ನೀರು. ಒಳಗೆ ತೇವ ನಿಂತರೆ ಕೊಳೆಯುತ್ತೆ. ಎತ್ತರದ ಕಲ್ಲಿನ ಕಟ್ಟೆ ಬೇಕು, ಮಳೆ ಗೋಡೆಗೆ ಬಡಿಯದಂತೆ ಅಗಲವಾದ ಸೂರು ಬೇಕು, ಗೆದ್ದಲು-ಇಲಿ ಒಳಗೆ ಹೋಗದಂತೆ ಎರಡೂ ಕಡೆ ಸಂದಿಲ್ಲದೆ ಮಣ್ಣು ಅಥವಾ ಸುಣ್ಣದ ಗಿಲಾವು ಬೇಕು. ಬೆಂಕಿಯ ಭಯಕ್ಕೂ ಉತ್ತರ ಆ ಗಿಲಾವೇ. ಬಿಡಿ ಹುಲ್ಲು ಭಗ್ ಅಂತ ಹತ್ತಿಕೊಳ್ಳುತ್ತೆ, ಬಿಗಿಯಾಗಿ ಒತ್ತಿ ಮೆತ್ತಿದ ಗೋಡೆಗೆ ಉರಿಯೋಕೆ ಗಾಳಿ ಸಾಲದು. ಕೆಸರು ತುಳಿಯೋದು, ಗೋಡೆ ಮೆತ್ತೋದು ಅತ್ತೆಯಂಥವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಿಲ್ಲಾರಿಯಲ್ಲಿ ಕೊಂದದ್ದು ಕಟ್ಟುಪಾಡಿಲ್ಲದ ಭಾರ. ಮೂವತ್ತು ವರ್ಷಗಳಿಂದ ಶಿಕ್ಷೆ ಅನುಭವಿಸ್ತಿರೋದು ತಂಪಾದ ಗೋಡೆ. ಹೊರಡುವಾಗ ಅತ್ತೆ ಬೇವಿನ ಗಿಡದ ಕೆಳಗೆ ಕೂತೇ ಅಂದಳು, "ಮೊದಲ ಎಮ್ಮಿಗೊಂದು ಕೊಟ್ಟಿಗಿ ಕಟ್ಟಿ ತೋರ್ಸು. ಅದು ತಿನ್ನಲಾರದಂಗ ಉಳದ್ರ, ಮುಂದ ನಾವು ಕಟ್ಟಸ್ತೀವಿ."