ಯಾತನಾಶಿಬಿರದಿಂದ ಮರಳಿದ ತಾಯಿ-ಮಗಳು

ಪುತ್ತೂರು, ಸುಳ್ಯ, ಕಡಬ ಸೀಮೆಯ ಶ್ರಾವಕರ ಮನೆಗಳಲ್ಲಿ ಸ್ವಸ್ತಿಕವನ್ನು ಅರಿಯದ ಮಕ್ಕಳಿಲ್ಲ. ಪೂಜಾಕಾಲದಲ್ಲಿ ಅಕ್ಷತೆಯಿಂದ ಬರೆಯುವ ಅದರ ನಾಲ್ಕು ಭುಜಗಳು ದೇವ, ಮನುಷ್ಯ, ತಿರ್ಯಂಚ, ನರಕವೆಂಬ ನಾಲ್ಕು ಗತಿಗಳನ್ನು ಸೂಚಿಸುತ್ತವೆ. ಮೇಲಿನ ಮೂರು ಬಿಂದುಗಳು ರತ್ನತ್ರಯವನ್ನು ನೆನಪಿಸುತ್ತವೆ. ಇದನ್ನೇ ಹೋಲುವ, ಓರೆಯಾಗಿ ನಿಲ್ಲಿಸಿದ ಚಿಹ್ನೆಯೊಂದನ್ನು ಜರ್ಮನಿಯ ನಾಜಿ ಪಕ್ಷವು 1920ರಲ್ಲಿ ತನ್ನ ಧ್ವಜಕ್ಕೆ ಆರಿಸಿಕೊಂಡಿತು. ಆ ಧ್ವಜದ ಅಡಿಯಲ್ಲಿ ಸುಮಾರು 60 ಲಕ್ಷ ಯಹೂದಿಗಳ ಹತ್ಯೆಯಾಯಿತು. ಇಂತಹ ಸಂಖ್ಯೆಯ ಮುಂದೆ ಮನಸ್ಸು ಮರಗಟ್ಟುತ್ತದೆ. ಆದುದರಿಂದ ಒಬ್ಬ ತಾಯಿ ಮತ್ತು ಒಬ್ಬ ಮಗಳ ಚರಿತ್ರೆಯನ್ನಷ್ಟೇ ಇಲ್ಲಿ ಅವಲೋಕಿಸೋಣ.

ಏವಾ ಗೈರಿಂಗರ್ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1929ರ ಮೇ 11ರಂದು ಜನಿಸಿದಳು. 1938ರಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ಕಬಳಿಸಿದ ಬಳಿಕ ತಂದೆ ಎರಿಖ್, ತಾಯಿ ಫ್ರಿಟ್ಸಿ, ಅಣ್ಣ ಹೈನ್ಸ್ ಇವರೊಡನೆ ದೇಶ ತೊರೆದು, ಬೆಲ್ಜಿಯಂ ಮಾರ್ಗವಾಗಿ 1940ರಲ್ಲಿ ಹಾಲೆಂಡಿನ ಆಮ್ಸ್ಟರ್‌ಡಾಮ್ ಸೇರಿದಳು. ದಿನಚರಿಯಿಂದ ಮುಂದೆ ಲೋಕಪ್ರಸಿದ್ಧಳಾದ ಆನ್ ಫ್ರಾಂಕ್ ಅಲ್ಲಿ ನೆರೆಮನೆಯ ಹುಡುಗಿ. ಆ ದೇಶವೂ ಜರ್ಮನರ ವಶವಾಗಿ, 1942ರಲ್ಲಿ ಕುಟುಂಬವು ಅಜ್ಞಾತವಾಸಕ್ಕೆ ಇಳಿಯಬೇಕಾಯಿತು. ತಾಯಿ-ಮಗಳು ಒಂದೆಡೆ, ತಂದೆ-ಮಗ ಮತ್ತೊಂದೆಡೆ ಅಡಗಿದರು. 1944ರ ಮೇ 11ರಂದು, ಏವಾಳ ಹದಿನೈದನೆಯ ಜನ್ಮದಿನದಂದೇ, ನಂಬಿಕೆದ್ರೋಹದಿಂದ ಸೆರೆಸಿಕ್ಕಿ ಅವರೆಲ್ಲರೂ ಪೋಲೆಂಡಿನ ಔಶ್ವಿಟ್ಸ್ ಶಿಬಿರಕ್ಕೆ ಸಾಗಿಸಲ್ಪಟ್ಟರು.

ರೈಲಿನಿಂದ ಇಳಿದ ಕೂಡಲೇ ಮಕ್ಕಳನ್ನೂ ವೃದ್ಧರನ್ನೂ ಬೇರ್ಪಡಿಸಿ ವಿಷಾನಿಲದ ಕೋಣೆಗೆ ಕಳುಹಿಸುವುದು ಅಲ್ಲಿಯ ಕ್ರಮ. ಫ್ರಿಟ್ಸಿ ಮಗಳಿಗೆ ಉದ್ದನೆಯ ಕೋಟನ್ನೂ ಟೋಪಿಯನ್ನೂ ತೊಡಿಸಿದ್ದಳು. ಆ ಉಡುಪಿನಲ್ಲಿ ಏವಾ ವಯಸ್ಸಿಗಿಂತ ದೊಡ್ಡವಳಂತೆ ಕಂಡು ಉಳಿದುಕೊಂಡಳು. ಕೆಲವು ತಿಂಗಳ ಬಳಿಕ ತಾಯಿಯೇ ಮರಣಕ್ಕೆ ಆಯ್ಕೆಯಾದಳು. ಶಿಬಿರದ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಮಿನ್ನಿ ಎಂಬ ಬಂಧು, ಕ್ರೌರ್ಯಕ್ಕೆ ಹೆಸರಾದ ವೈದ್ಯ ಮೆಂಗೆಲೆಯ ಬಳಿ ಬೇಡಿಕೊಂಡು ಆಕೆಯ ಪ್ರಾಣ ಉಳಿಸಿದಳು. ಇದನ್ನರಿಯದ ಮಗಳು, ತಾಯಿ ಸತ್ತಳೆಂದೇ ಭಾವಿಸಿ ತಿಂಗಳುಗಟ್ಟಲೆ ಶೋಕಿಸಿದಳು. 1945ರ ಜನವರಿ 27ರಂದು ಸೋವಿಯತ್ ಸೇನೆ ಬಂದಾಗ ಇಬ್ಬರೂ ಜೊತೆಗಿದ್ದರು. ತಂದೆ ಮತ್ತು ಅಣ್ಣ ಮರಳಲಿಲ್ಲ. ಅಜ್ಞಾತವಾಸದಲ್ಲಿ ಹೈನ್ಸ್ ಬರೆದು, ನೆಲದ ಹಲಗೆಗಳಡಿ ಬಚ್ಚಿಟ್ಟಿದ್ದ ಚಿತ್ರಗಳು ಮಾತ್ರ ದೊರೆತವು.

ಇದೆಲ್ಲ ಅವರವರ ಕರ್ಮಫಲವೆಂದು ಹೇಳಿ ಸುಮ್ಮನಾಗುವುದು ಸುಲಭ. ಪರರ ದುಃಖಕ್ಕೆ ಕರ್ಮಸಿದ್ಧಾಂತವನ್ನು ಒಪ್ಪಿಸಿ ಕೈತೊಳೆದುಕೊಳ್ಳುವುದು ದಯಾಧರ್ಮವಾಗದು. ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯೆಂದು ನಮ್ಮ ಆಚಾರ್ಯರು ವಿವರಿಸಿದ್ದಾರೆ. ಔಶ್ವಿಟ್ಸ್‌ನಲ್ಲಿ ಕೊಂದವರು ಕೆಲವರು, ಕೊಲ್ಲಿಸಿದವರು ಕೆಲವರು. ಪಟ್ಟಿ ಬರೆದ ಗುಮಾಸ್ತರು, ರೈಲು ನಡೆಸಿದವರು, ನೆರೆಯವರು ಕಾಣೆಯಾದಾಗ ಮೌನವಾಗಿ ಸಮ್ಮತಿಸಿದವರು ಅಸಂಖ್ಯ. ಅವರಿಲ್ಲದೆ ಆ ಯಂತ್ರವು ಒಂದು ದಿನವೂ ನಡೆಯುತ್ತಿರಲಿಲ್ಲ.

ಬದುಕಿ ಬಂದ ಏವಾಳ ಎದೆಯಲ್ಲಿ ದ್ವೇಷ ತುಂಬಿತ್ತು. ಪತ್ನಿಯನ್ನೂ ಇಬ್ಬರು ಪುತ್ರಿಯರನ್ನೂ ಕಳೆದುಕೊಂಡಿದ್ದ ಆನ್ ಫ್ರಾಂಕಳ ತಂದೆ ಒಟ್ಟೋ ಫ್ರಾಂಕ್ 1953ರಲ್ಲಿ ಫ್ರಿಟ್ಸಿಯನ್ನು ವರಿಸಿದರು. ದ್ವೇಷವು ದ್ವೇಷಿಸುವವನನ್ನೇ ಸುಡುತ್ತದೆಂಬುದನ್ನು ಏವಾ ಅವರಿಂದ ಕಲಿತರು. ಆದರೂ ದಶಕಗಳ ಕಾಲ ಈ ವಿಷಯವಾಗಿ ಸಾರ್ವಜನಿಕವಾಗಿ ಮಾತನಾಡಲಾಗಲಿಲ್ಲ. 1986ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಬಾಯ್ದೆರೆದರು. 1988ರಲ್ಲಿ ಆತ್ಮಕಥೆ ಪ್ರಕಟವಾಯಿತು. 2019ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ವಿದ್ಯಾರ್ಥಿಗಳು ಲೋಟಗಳನ್ನು ನಾಜಿ ಚಿಹ್ನೆಯ ಆಕಾರದಲ್ಲಿ ಜೋಡಿಸಿ, ನಾಜಿ ವಂದನೆ ಸಲ್ಲಿಸಿ ವಿನೋದಪಟ್ಟಾಗ, ತೊಂಬತ್ತರ ಹೊಸ್ತಿಲಲ್ಲಿದ್ದ ಏವಾ ಅವರನ್ನು ಕಂಡು ಮಾತನಾಡಿದರು. ವಿನೋದವೂ ಅನುಮೋದನೆಯೇ ಆಗಬಹುದೆಂಬುದು ಆ ಮಕ್ಕಳಿಗೆ ತಿಳಿದಿರಲಿಲ್ಲ.

ನಮ್ಮ ಮಕ್ಕಳೂ ಲೋಕದಲ್ಲಿ ಸಂಚರಿಸುವರು. ತಮ್ಮ ಮಂಗಳಚಿಹ್ನೆಯನ್ನು ಕಂಡು ಬೆಚ್ಚುವವರನ್ನು ಸಂಧಿಸುವರು. ಅಂತಹವರ ಮೇಲೆ ಮುನಿಯದೆ, ಅವರ ಭಯದ ಕಾರಣವನ್ನು ಅರಿತು, ವಿನಯದಿಂದ ನಮ್ಮ ಸ್ವಸ್ತಿಕದ ಅರ್ಥವನ್ನು ಹೇಳಬಲ್ಲವರಾಗಬೇಕು. ಬಸದಿಗಳ ಆಡಳಿತ ಮಂಡಳಿಗಳು ಧಾರ್ಮಿಕ ಪಾಠಶಾಲೆಗಳಲ್ಲಿ ನಾಲ್ಕು ಗತಿಗಳ ಪಾಠದೊಡನೆ ಈ ತಾಯಿ-ಮಗಳ ಚರಿತ್ರೆಯನ್ನೂ ಹೇಳಿಸುವುದು ಉಚಿತ. ತಾಯಿ ತೊಡಿಸಿದ ಒಂದು ಕೋಟು, ದಾದಿಯೊಬ್ಬಳು ಆಡಿದ ಒಂದು ಮಾತು ಎರಡು ಜೀವಗಳನ್ನು ಕಾಯಿತು. ಅಭಯದಾನಕ್ಕೆ ಬೇಕಾಗುವುದು ಅನೇಕ ವೇಳೆ ಅಷ್ಟೇ.