ಬ್ಲಾಗಿನ ಬಲಬದಿಯ ಪಟ್ಟಿ

ಕಳೆದ ವಾರ ಹಳೇ ಹಾರ್ಡ್‌ಡಿಸ್ಕ್ ಒಂದನ್ನು ತೆಗೆದು ನೋಡ್ತಾ ಇದ್ದೆ. ಅದರೊಳಗೆ ‘ಟೆಂಪ್ಲೇಟ್ ಹೊಸದು’, ‘ಟೆಂಪ್ಲೇಟ್ ಹೊಸದು 2’, ‘ಇದೇ ಫೈನಲ್’, ‘ಇದೇ ಫೈನಲ್ 3’ ಅಂತೆಲ್ಲ ಹೆಸರಿಟ್ಟ ಹನ್ನೊಂದು ಕಡತ ಸಿಕ್ಕವು. ಎಲ್ಲಾ ನನ್ನ ಬ್ಲಾಗಿಗೆ ಹೊಲಿದ ಬಟ್ಟೆಗಳು. ಬರೆದದ್ದಕ್ಕಿಂತ ಹೊಲಿದದ್ದೇ ಜಾಸ್ತಿ ಅನ್ನಿಸಿ ನಗು ಬಂತು. ಹುಡುಕುತ್ತಿದ್ದ ಹನ್ನೆರಡನೆಯದು ಇಲ್ಲ ಅಂತ ಗೊತ್ತಾದಾಗ ನಗು ನಿಂತಿತು. ಆ ಕಥೆಗೆ ಆಮೇಲೆ ಬರ್ತೀನಿ.

ಬ್ಲಾಗರ್ ಶುರುವಾದದ್ದು 1999ರ ಆಗಸ್ಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಪೈರಾ ಲ್ಯಾಬ್ಸ್ ಅನ್ನೋ ಸಣ್ಣ ಕಂಪನಿಯಲ್ಲಿ. ಆಗ ಬ್ಲಾಗಿನ ರೂಪವೆಲ್ಲ ಒಂದೇ ಕಡತದಲ್ಲಿ ಇರ್ತಿತ್ತು. ಇಲ್ಲಿ ಶೀರ್ಷಿಕೆ ಬರಲಿ, ಇಲ್ಲಿ ದಿನಾಂಕ, ಇಲ್ಲಿ ಬರಹ ಅಂತ ಡಾಲರ್ ಚಿಹ್ನೆ ಹಾಕಿದ ಗುರುತುಗಳು, ಸುತ್ತ ಎಚ್‌ಟಿಎಂಎಲ್. ಅಷ್ಟೇ. ಬಣ್ಣ ಬದಲಿಸಬೇಕಾದರೂ ಆ ಕಡತಕ್ಕೇ ಕೈ ಹಾಕಬೇಕು, ಆಮೇಲೆ ಇಡೀ ಬ್ಲಾಗನ್ನು ಮತ್ತೆ ಪ್ರಕಟಿಸಬೇಕು. ಪರದೆ ಮೇಲೆ ಶೇಕಡಾವಾರು ಏರೋದನ್ನ ನೋಡ್ತಾ ಕೂರೋದು. ಡಯಲಪ್ ಕಾಲದಲ್ಲಿ ಅಷ್ಟೊತ್ತಿಗೆ ಒಂದು ಲೋಟ ಕಾಫಿ ಮುಗೀತಿತ್ತು.

2003ರ ಫೆಬ್ರವರಿಯಲ್ಲಿ ಗೂಗಲ್ ಪೈರಾವನ್ನು ಕೊಂಡುಕೊಂಡಿತು. 2004ರ ಮೇನಲ್ಲಿ ಬ್ಲಾಗರ್‌ಗೆ ಹೊಸ ರೂಪ ಬಂತು, ಜೊತೆಗೆ ಹೆಸರಾಂತ ವಿನ್ಯಾಸಕಾರರು ಮಾಡಿಕೊಟ್ಟ ಸಿದ್ಧ ಟೆಂಪ್ಲೇಟುಗಳೂ ಬಂದವು. ಡಗ್ಲಸ್ ಬೌಮನ್ ಅವರ ‘ಮಿನಿಮಾ’ ನಿಮ್ಮಲ್ಲಿ ಹಲವರಿಗೆ ಹೆಸರಿನಿಂದ ಅಲ್ಲದಿದ್ದರೂ ಮುಖದಿಂದ ಪರಿಚಯ ಇದ್ದೇ ಇರುತ್ತೆ. ಬಿಳಿ ಹಾಳೆ, ತೆಳು ಗೆರೆಯ ಚೌಕಟ್ಟಿನೊಳಗೆ ಬ್ಲಾಗಿನ ಹೆಸರು, ಪಕ್ಕದಲ್ಲಿ ಒಂದು ಕಂಬಸಾಲು.

ವರ್ಡ್‌ಪ್ರೆಸ್‌ನದ್ದು ಬೇರೆ ದಾರಿ. ಮಿಶೆಲ್ ವಾಲ್ಡ್ರಿಗಿ ಬರೆದಿದ್ದ ಬಿ2 ಅನ್ನೋ ತಂತ್ರಾಂಶದ ಕೆಲಸ ನಿಂತುಹೋದಾಗ ಮ್ಯಾಟ್ ಮುಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಅದನ್ನೇ ಮುಂದುವರಿಸಿದರು. ಮೊದಲ ಆವೃತ್ತಿ 2003ರ ಮೇ 27ಕ್ಕೆ ಬಂತು. ಥೀಮ್ ಅನ್ನೋ ವ್ಯವಸ್ಥೆ ಅದಕ್ಕೆ ಸೇರಿದ್ದು 2005ರ ಫೆಬ್ರವರಿಯಲ್ಲಿ, 1.5ನೇ ಆವೃತ್ತಿಯಲ್ಲಿ. ತಲೆ ಒಂದು ಕಡತ, ಕಾಲು ಒಂದು ಕಡತ, ಪಕ್ಕದ ಪಟ್ಟಿ ಇನ್ನೊಂದು. ಎಲ್ಲ ಸೇರಿ ಒಂದು ಫೋಲ್ಡರ್. ಫೋಲ್ಡರ್ ಬದಲಿಸಿದರೆ ಮುಖ ಬದಲು, ಬರಹಕ್ಕೆ ಏನೂ ಆಗಲ್ಲ. ಅದರ ಜೊತೆಗೇ ಬಂದದ್ದು ಮೈಕಲ್ ಹೈಲೆಮನ್ ಅವರ ‘ಕುಬ್ರಿಕ್’ ಥೀಮ್. ಆ ನೀಲಿ ತಲೆಪಟ್ಟಿ! ಕೆಲವು ವರ್ಷ ಯಾವ ವರ್ಡ್‌ಪ್ರೆಸ್ ಬ್ಲಾಗ್ ತೆರೆದರೂ ಅದೇ ನೀಲಿ. ಜನ ಮೊದಲು ಕಲಿತ ಕಸುಬು ಆ ನೀಲಿಯನ್ನು ತೆಗೆದು ತಮ್ಮೂರಿನ ಫೋಟೋ ಹಾಕೋದು.

ಕನ್ನಡದವರಿಗೆ ಮಾತ್ರ ಕಸುಬು ಅಲ್ಲಿಗೆ ಮುಗೀತಿರಲಿಲ್ಲ. ನೋಡಿ, ಈ ಟೆಂಪ್ಲೇಟುಗಳೆಲ್ಲ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದವು. ಇಂಗ್ಲಿಷ್‌ನಲ್ಲಿ ಗೆರೆಯ ಕೆಳಗೆ ಇಳಿಯೋದು ಒಂದೆರಡು ಬಾಲ. ನಮ್ಮಲ್ಲಿ ‘ಶಾಸ್ತ್ರ’ ಅಂತ ಬರೆದರೆ ಎರಡು ಒತ್ತು ಕೆಳಗೆ ಇಳಿದು ಕೂರುತ್ತವೆ. ಸಾಲಿನ ಎತ್ತರವನ್ನು ಇಷ್ಟೇ ಪಿಕ್ಸೆಲ್ ಅಂತ ಬಿಗಿದಿಟ್ಟ, ಹೊರಬಂದದ್ದನ್ನು ಮರೆಮಾಡು ಅಂತ ಬರೆದಿಟ್ಟ ಶೀರ್ಷಿಕೆಯ ಡಬ್ಬಿಯೊಳಗೆ ಆ ಒತ್ತುಗಳು ಕತ್ತರಿಸಿ ಹೋಗ್ತಿದ್ದವು. ಟೆಂಪ್ಲೇಟ್ ಹೇಳಿದ ಫಾಂಟಿನಲ್ಲಿ ಕನ್ನಡವೇ ಇಲ್ಲ, ಹಾಗಾಗಿ ವಿಂಡೋಸ್ ಎಕ್ಸ್‌ಪಿಯಲ್ಲಿದ್ದ ತುಂಗಾ ಬಂದು ಕೂತುಬಿಡ್ತಿತ್ತು, ಇಂಗ್ಲಿಷಿಗೆ ಇಟ್ಟ ಸಣ್ಣ ಗಾತ್ರದಲ್ಲೇ. ಕಣ್ಣಿಗೆ ಇರುವೆ ಸಾಲು. ಅಕ್ಷರಗಳ ನಡುವೆ ಅಂತರ ಬಿಡುವ ಒಂದು ಆದೇಶ ಇತ್ತು. ಇಂಗ್ಲಿಷ್ ಶೀರ್ಷಿಕೆಗೆ ಅದು ಸೊಗಸು, ಆದರೆ ಕೆಲವು ಬ್ರೌಸರುಗಳಲ್ಲಿ ನಮ್ಮ ಅಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ.

ಇದನ್ನೆಲ್ಲ ಸರಿಮಾಡ್ತಾ ಮಾಡ್ತಾನೇ ನಾನು ಸಿಎಸ್‌ಎಸ್ ಕಲಿತೆ. ರಾತ್ರಿ ಹನ್ನೊಂದಕ್ಕೆ ಗೆಳೆಯನಿಗೆ ಫೋನ್ ಮಾಡಿ, “ಮಾರಾಯಾ, ನಿನ್ ಕಡೆ ‘ರಾಷ್ಟ್ರ’ ಪೂರ್ತಿ ಕಾಣ್ತಿದ್ಯಾ?” ಅಂತ ಕೇಳಿದ್ದು ನೆನಪಿದೆ. ಇಂಗ್ಲಿಷ್ ಪದಗಳನ್ನೂ ಕೈಯಾರೆ ಬದಲಿಸಬೇಕಿತ್ತು. ‘ಕಾಮೆಂಟ್ಸ್’ ಅನ್ನೋದನ್ನ ಒಬ್ಬರು ‘ಪ್ರತಿಕ್ರಿಯೆ’ ಮಾಡಿದರೆ ಇನ್ನೊಬ್ಬರು ‘ಅನಿಸಿಕೆ’ ಅಂದರು. ನಾನು ‘ನೀವೇನಂತೀರಿ’ ಅಂತ ಹಾಕಿದ್ದೆ. ಯಾರೂ ಏನೂ ಅಂತಿರಲಿಲ್ಲ, ಅದು ಬೇರೆ ಮಾತು.

ಈಗ ಆ ಹನ್ನೆರಡನೇ ಕಡತ. 2006ರ ಕೊನೆಯ ಹೊತ್ತಿಗೆ ಬ್ಲಾಗರ್‌ನಲ್ಲಿ ಹೊಸ ವ್ಯವಸ್ಥೆ ಬಂದಿತ್ತು. ಪುಟದ ತುಂಡುಗಳನ್ನು ಡಬ್ಬಿಗಳಂತೆ ಎಳೆದು ಬೇಕಾದಲ್ಲಿ ಇಡಬಹುದು, ಕೋಡ್ ಮುಟ್ಟೋದೇ ಬೇಡ. ಆ ಡಬ್ಬಿಗಳಿಗೆ ವಿಜೆಟ್ ಅಂತ ಹೆಸರು. ನನ್ನ ಬಲಬದಿಯ ಒಂದು ವಿಜೆಟ್‌ನಲ್ಲಿ ನಾನು ಓದುತ್ತಿದ್ದ ಕನ್ನಡ ಬ್ಲಾಗುಗಳ ಕೊಂಡಿಗಳಿದ್ದವು, ಅರವತ್ತರ ಮೇಲೆ. ಆಗ ಕನ್ನಡ ಬ್ಲಾಗು ಸಿಗ್ತಿದ್ದದ್ದೇ ಹಾಗೆ, ಒಬ್ಬರ ಪಟ್ಟಿಯಿಂದ ಇನ್ನೊಬ್ಬರ ಮನೆಗೆ. ಒಂದು ಭಾನುವಾರ ಎಲ್ಲೋ ಸಿಕ್ಕ ಮೂರು ಕಂಬಸಾಲಿನ ಟೆಂಪ್ಲೇಟನ್ನು ಏರಿಸಿದೆ. ‘ಈ ವಿಜೆಟ್‌ಗಳು ಅಳಿಸಿಹೋಗುತ್ತವೆ’ ಅಂತ ಎಚ್ಚರಿಕೆ ಬಂತು. ಓದದೆ ಒತ್ತಿದೆ. ಟೆಂಪ್ಲೇಟಿನ ಪ್ರತಿ ಇಟ್ಟುಕೊಂಡಿದ್ದೆನಲ್ಲ ಅನ್ನೋ ಧೈರ್ಯ. ಆದರೆ ಆ ಪ್ರತಿಯಲ್ಲಿ ಇದ್ದದ್ದು ಡಬ್ಬಿಯ ಜಾಗ ಮಾತ್ರ, ಡಬ್ಬಿಯೊಳಗಿನ ಕೊಂಡಿಗಳು ಬ್ಲಾಗರ್ ಹತ್ತಿರವೇ ಇದ್ದವು. ಪಟ್ಟಿಯನ್ನೇ ಬೇರೆಯಾಗಿ ಬರೆದಿಟ್ಟುಕೊಂಡಿದ್ದೇನೆ ಅಂತ ಇಷ್ಟು ವರ್ಷ ನಂಬಿದ್ದೆ. ಕಳೆದ ವಾರ ಹುಡುಕಿದ್ದು ಅದನ್ನೇ.

ವರ್ಡ್‌ಪ್ರೆಸ್‌ನವರಿಗೂ ಇಂಥದ್ದೇ ಒಂದು ಸಂಕಟ ಇತ್ತು. ಥೀಮ್ ಕಡತಗಳನ್ನು ತಿದ್ದಿರ್ತೀರಿ, ಥೀಮಿನ ಹೊಸ ಆವೃತ್ತಿ ಹಾಕಿದ ಕೂಡಲೇ ತಿದ್ದಿದ್ದೆಲ್ಲ ಮಾಯ. ಅದಕ್ಕೆ ಮದ್ದು ಚೈಲ್ಡ್ ಥೀಮ್. ಮೂಲವನ್ನು ಮುಟ್ಟದೆ, ನಮ್ಮ ಬದಲಾವಣೆಗಳನ್ನಷ್ಟೇ ಬೇರೆ ಫೋಲ್ಡರಿನಲ್ಲಿ ಇಡೋದು. 2008ರ ಡಿಸೆಂಬರ್‌ನ 2.7ನೇ ಆವೃತ್ತಿಯಿಂದ ಬಣ್ಣ, ಅಳತೆಗಳ ಜೊತೆಗೆ ಪುಟದ ಕಡತಗಳನ್ನೂ ಹಾಗೆ ಬೇರೆ ಇಡೋ ಅನುಕೂಲ ಆಯಿತು. ನನ್ನ ಲೆಕ್ಕದಲ್ಲಿ ಥೀಮುಗಳ ಇತಿಹಾಸದಲ್ಲಿ ಅತಿ ಉಪಕಾರದ ಕೆಲಸ ಇದು. 2012ರಲ್ಲಿ ಕಸ್ಟಮೈಸರ್ ಬಂದು, ಬದಲಾವಣೆ ಹೇಗೆ ಕಾಣುತ್ತೆ ಅಂತ ಉಳಿಸುವ ಮೊದಲೇ ತೋರಿಸಿತು. 2022ರ ಜನವರಿಯ 5.9ರಿಂದ ಅದಕ್ಕೆಂದೇ ಮಾಡಿದ ಥೀಮುಗಳಲ್ಲಿ ಇಡೀ ಪುಟವನ್ನೇ ಬ್ಲಾಕುಗಳಲ್ಲಿ ಜೋಡಿಸಬಹುದು.

ಪಟ್ಟಿಯ ಆಸೆ ಬಿಡಲಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ನನ್ನ ಬ್ಲಾಗಿನ ಹಳೇ ವಿಳಾಸ ಹಾಕಿ ನೋಡಿದೆ. ಆ ಭಾನುವಾರಕ್ಕಿಂತ ಮೊದಲಿನ ಒಂದು ಪ್ರತಿ ಸಿಕ್ಕಿತು. ಬಲಬದಿಯಲ್ಲಿ ಪಟ್ಟಿ ಹಾಗೇ ಇದೆ! ಒಂದೊಂದೇ ಕೊಂಡಿ ಒತ್ತುತ್ತಾ ಹೋದೆ. ಹೆಚ್ಚಿನವು ತೆರೆಯಲಿಲ್ಲ. ಒಂದು ತೆರೆಯಿತು, ಆರ್ಕೈವ್‌ನ ಪ್ರತಿ ಅಲ್ಲ, ಇವತ್ತಿಗೂ ಇರುವ ಬ್ಲಾಗೇ. ಅದೇ ಮಿನಿಮಾ, ಅದೇ ತೆಳು ಚೌಕಟ್ಟು. ಕೊನೆಯ ಬರಹ 2009ರದ್ದು, ತಮ್ಮ ಅಜ್ಜಿಯ ಬಗ್ಗೆ. ಬರಹದ ಕೆಳಗೆ ‘ಅನಿಸಿಕೆ’ ಅಂತ ಕೈಯಾರೆ ಬದಲಿಸಿದ ಪದ, ಅದರ ಪಕ್ಕ ಸೊನ್ನೆ. ನಾನು ಒಂದು ಸಾಲು ಬರೆದು ಬಂದಿದ್ದೀನಿ.