ಒಂದನೇ ವಾರ್ಡು ಬೇಡ

1840ರ ದಶಕ. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ನೋವು ತಿನ್ನುತ್ತ ಬಂದ ಹೆಂಗಸು ಯಾವುದಕ್ಕೆ ಹೋಗಬೇಕೆಂಬುದು ಆ ದಿನದ ಸರದಿಗೆ ಬಿಟ್ಟದ್ದು: ಇವತ್ತು ಒಂದನೆಯದು, ನಾಳೆ ಎರಡನೆಯದು. ಒಂದನೇ ವಾರ್ಡಿನ ಸರದಿಯಂದು ಬಂದವರು ಮೊಣಕಾಲೂರಿ, ಕೈಮುಗಿದು, ಅಲ್ಲಿಗೆ ಮಾತ್ರ ಕಳಿಸಬೇಡಿರೆಂದು ಗೋಗರೆಯುತ್ತಿದ್ದರು. ಕೆಲವರು ಬೀದಿಯಲ್ಲೇ ಹೆತ್ತು ಮಗುವನ್ನು ಎತ್ತಿಕೊಂಡು ಬರುತ್ತಿದ್ದರು. ವಿಚಿತ್ರವೆಂದರೆ, ಹಾಗೆ ಬೀದಿಯಲ್ಲಿ ಹೆತ್ತವರಿಗೆ ಬಾಣಂತಿ ಜ್ವರ ಬರುತ್ತಿದ್ದದ್ದು ಬಹಳ ಕಡಿಮೆ.

ಅವರ ಹೆದರಿಕೆಗೆ ಲೆಕ್ಕದ ಆಧಾರವಿತ್ತು. 1846ರಲ್ಲಿ ಒಂದನೇ ವಾರ್ಡಿನಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಎರಡನೆಯದರಲ್ಲಿ 3,754ಕ್ಕೆ 105. ಆಸ್ಪತ್ರೆ ಒಂದೇ, ಊರಿನ ಗಾಳಿಯೂ ಒಂದೇ. ಒಂದನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುವುದನ್ನು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ವ್ಯತ್ಯಾಸ ಅಷ್ಟೇ. ಬೀದಿಯ ಹೆಂಗಸರಿಗೆ ತಿಳಿದಿದ್ದ ಈ ಸತ್ಯ ಪ್ರೊಫೆಸರುಗಳ ಕಿವಿಗೆ ಬೀಳಲಿಲ್ಲ. ಅವರು ಕೆಟ್ಟ ಗಾಳಿಯನ್ನು ದೂರುತ್ತ ಕೂತರು.

ಕಿವಿಗೊಟ್ಟವನು ಇಗ್ನಾಜ್ ಸೆಮ್ಮೆಲ್‌ವೈಸ್. ಹಂಗೇರಿಯ ಬುಡಾದಲ್ಲಿ 1818ರಲ್ಲಿ ಹುಟ್ಟಿದವನು, ಒಂದನೇ ವಾರ್ಡಿನ ಸಹಾಯಕ ವೈದ್ಯ. ಅವನು ತೋಚಿದ್ದನ್ನೆಲ್ಲ ಪರೀಕ್ಷಿಸಿದ. ಸಾಯುವವರಿಗೆ ಸಂಸ್ಕಾರ ಮಾಡಲು ಪಾದ್ರಿ ಗಂಟೆ ಬಾರಿಸುತ್ತ ವಾರ್ಡಿನೊಳಗೆ ಹಾದುಹೋಗುತ್ತಿದ್ದ. ಆ ಸದ್ದಿಗೆ ಹೆದರಿ ಬಾಣಂತಿಯರು ಕುಸಿಯುತ್ತಿರಬಹುದೇ ಎಂದು ಪಾದ್ರಿಯ ದಾರಿಯನ್ನೇ ಬದಲಿಸಿದ. ಹೆಂಗಸರನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸಿದ. ಸಾವು ನಿಲ್ಲಲಿಲ್ಲ.

1847ರ ಮಾರ್ಚಿನಲ್ಲಿ ಅವನ ಗೆಳೆಯ, ವಿಧಿವಿಜ್ಞಾನದ ಪ್ರೊಫೆಸರ್ ಯಾಕೋಬ್ ಕೊಲೆಟ್ಶ್ಕಾ ತೀರಿಕೊಂಡ. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ಅವನ ಬೆರಳಿಗೆ ತಾಗಿತ್ತು. ಅವನ ಮರಣದ ವರದಿ ಓದಿದ ಸೆಮ್ಮೆಲ್‌ವೈಸ್‌ಗೆ ತಾನು ದಿನಾ ನೋಡುವ ಬಾಣಂತಿಯರ ಸಾವೇ ಅಲ್ಲಿ ಕಂಡಿತು. ಗಂಡಸಿಗೆ ಬಾಣಂತಿ ಜ್ವರ ಎಲ್ಲಿಂದ ಬಂತು? ಆಗ ಅವನ ಕಣ್ಣು ತನ್ನ ಕೈಗಳ ಮೇಲೆ ಬಿತ್ತು. ವೈದ್ಯರೂ ವಿದ್ಯಾರ್ಥಿಗಳೂ ಹೆಣ ಕೊಯ್ದು, ಸೋಪಿನಲ್ಲಿ ತೊಳೆದರೂ ವಾಸನೆ ಹೋಗದ ಅದೇ ಬೆರಳುಗಳಿಂದ ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ.

ಮೇ ತಿಂಗಳಲ್ಲಿ ಬಾಗಿಲ ಬಳಿ ಕ್ಲೋರಿನ್ ನೀರಿನ ಬೋಗುಣಿ ಬಂತು. ಅದು ದುಬಾರಿಯೆಂದು ಆಮೇಲೆ ಕ್ಲೋರಿನ್ ಸುಣ್ಣದ ದ್ರಾವಣ ಬಳಸಿದರು, ಅಂದರೆ ನಮ್ಮ ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್. ರೋಗಾಣುಗಳ ವಿಷಯ ಸೆಮ್ಮೆಲ್‌ವೈಸ್‌ಗೆ ಗೊತ್ತಿರಲಿಲ್ಲ. ಹೆಣದ ವಾಸನೆ ಹೋಗಲಾಡಿಸುವುದು ಹೆಣದ ಅಂಶವನ್ನೂ ಹೋಗಲಾಡಿಸೀತು ಎಂದಷ್ಟೇ ಅವನ ಊಹೆ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. 1848ರ ಮಾರ್ಚಿನಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ನಡುವೆ ಒಂದು ಘೋರ ಪಾಠವಾಯಿತು. 1847ರ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದವಳನ್ನು ಮೊದಲು ಪರೀಕ್ಷಿಸಿದ ವೈದ್ಯರು ಸೋಪಿನಲ್ಲಷ್ಟೇ ಕೈ ತೊಳೆದು ಮುಂದಿನವರನ್ನು ಮುಟ್ಟಿದರು. ಜೊತೆಗಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಸೋಂಕು ಹೆಣದಿಂದಷ್ಟೇ ಅಲ್ಲ, ಜೀವಂತ ದೇಹದಿಂದಲೂ ದಾಟುತ್ತದೆ! ಅಂದಿನಿಂದ ಪ್ರತಿ ರೋಗಿಯ ನಡುವೆಯೂ ಕೈ ತೊಳೆಯುವ ನಿಯಮ ಬಂತು.

ತನ್ನ ಕೈಯಿಂದಲೇ ಎಷ್ಟು ಹೆಂಗಸರು ಸತ್ತರೋ ದೇವರೇ ಬಲ್ಲ ಎಂದು ಸೆಮ್ಮೆಲ್‌ವೈಸ್ ಒಪ್ಪಿಕೊಂಡ. ಉಳಿದವರಿಗೆ ಆ ಧೈರ್ಯ ಬರಲಿಲ್ಲ. ಮೇಲಧಿಕಾರಿ ಯೋಹಾನ್ ಕ್ಲೈನ್ 1849ರಲ್ಲಿ ಅವನ ಅವಧಿಯನ್ನು ಮುಂದುವರಿಸಲಿಲ್ಲ. ಅವನ ತಪ್ಪೂ ಇತ್ತು: ಪುಸ್ತಕ ಹೊರತಂದದ್ದು 1861ರಲ್ಲಿ, ಅಷ್ಟು ತಡವಾಗಿ. ಆಮೇಲಂತೂ ವಿರೋಧಿಗಳನ್ನು ಕೊಲೆಗಾರರೆಂದೇ ಕರೆದು ಬಹಿರಂಗ ಪತ್ರಗಳನ್ನು ಬರೆದ. 1865ರ ಆಗಸ್ಟ್ 13ರಂದು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯದಲ್ಲಿ ಗಾಯ ಕೊಳೆತು, ನಂಜೇರಿ ಸತ್ತ. ಅದರ ಹಿಂದಿನ ದಿನವಷ್ಟೇ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದಿದ್ದ ಹನ್ನೊಂದರ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದ. ಹುಡುಗನ ಗಾಯ ಕೀವಾಗಲಿಲ್ಲ, ಕಾಲೂ ಉಳಿಯಿತು.

ಒಂದೂವರೆ ಶತಮಾನದ ನಂತರ ಜಿನೀವಾದ ಆಸ್ಪತ್ರೆಯೊಂದರಲ್ಲಿ ಡಿಡಿಯೆ ಪಿಟ್ಟೆ ಮತ್ತವರ ತಂಡ ಹಾಸಿಗೆಗಳ ಬಳಿಯೇ ಆಲ್ಕೋಹಾಲ್ ದ್ರಾವಣವಿಟ್ಟು, ಮೂರು ವರ್ಷ ಸಿಬ್ಬಂದಿಯ ಬೆನ್ನುಬಿದ್ದಿತು. ಕೈ ಶುಚಿಗೊಳಿಸಬೇಕಾದ ನೂರು ಸಂದರ್ಭಗಳಲ್ಲಿ 48 ಸಲ ಶುಚಿಗೊಳಿಸುತ್ತಿದ್ದವರು 66ಕ್ಕೆ ಏರಿದರು, ಸೋಂಕೂ ಇಳಿಯಿತು. 2000ದಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಜಗತ್ತೇ ಮೆಚ್ಚಿತು. ಆಗಲೂ ಮೂರರಲ್ಲಿ ಒಂದು ಸಲ ಕೈ ಶುಚಿಯಾಗದೆಯೇ ರೋಗಿಯನ್ನು ಮುಟ್ಟುತ್ತಿತ್ತು. ನಿಮ್ಮವರು ಆಸ್ಪತ್ರೆಯಲ್ಲಿದ್ದಾಗ, ಹಾಸಿಗೆಯ ಬಳಿ ಬಂದವರು ಯಾರೇ ಆಗಲಿ, ಕೈ ತೊಳೆದಿರಾ ಎಂದು ಕೇಳಲು ಸಂಕೋಚಪಡಬೇಡಿ.